ಅತ್ತೆ ಬಿಚ್ಚಿದ ಹೊಲಿಗೆ

ನಾನು ಹುಟ್ಟಿ ಬೆಳೆದದ್ದು ದೇವದುರ್ಗದಲ್ಲಿ. ನಮ್ಮ ಮನೆಯಲ್ಲಿ ಸೂಜಿ ಹಿಡಿಯುವವರು ಯಾರೂ ಇರಲಿಲ್ಲ. ಹರಿದದ್ದಕ್ಕೆ ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದೆವು. ಹೊಲಿಗೆ ಕಲಿತದ್ದು ಮದುವೆಯಾಗಿ ಮಾನ್ವಿಗೆ ಬಂದ ಮೇಲೆ, ಅತ್ತೆಯಿಂದ. ಬೇಗ ಗಂಡನನ್ನು ಕಳೆದುಕೊಂಡು, ಓಣಿಯವರಿಗೆಲ್ಲ ಕೌದಿ ಹೊಲಿದುಕೊಟ್ಟೇ ಮಗ ಮಗಳಿಬ್ಬರನ್ನೂ ಓದಿಸಿದ ಹೆಂಗಸು ಅವರು. ಮಾತು ಕಡಿಮೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬರುವುದನ್ನು ಕಲಿಸಿದರು. ನನ್ನ ಮೊದಲ ಸಾಲನ್ನು ಬೆರಳಿನಿಂದ ಸವರಿ ನೋಡಿ, "ಸೊಟ್ಟ ಅದ ಬೇ. ಅಕ್ಕಿಕಾಳಿಗಿಂತ ಉದ್ದ ಹಾಕಬ್ಯಾಡ," ಎಂದು ಪೂರ್ತಿ ಬಿಚ್ಚಿ ಕೈಗೆ ಕೊಟ್ಟರು. ಬೈಯಲಿಲ್ಲ. ಮರುದಿನವೂ ಬಿಚ್ಚಿದರು. ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಸವರಿ ನೋಡಿ ಏನೂ ಹೇಳದೆ ಎದ್ದು ಹೋದರು. ಆ ದಿನ ನನಗಾದಷ್ಟು ಖುಷಿ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಗಂಡನಿಗೆ ರಾಯಚೂರಿಗೆ ವರ್ಗವಾದಾಗ ಅತ್ತೆಯೂ ನಮ್ಮ ಜೊತೆ ಬಂದರು. ಮಹಡಿಯ ಮೇಲಿನ ಬಾಡಿಗೆ ಮನೆ. ನನ್ನ ಪುಟ್ಟ ಮಗಳಿಗೆ ಹೊಟ್ಟೆ ಕೆಟ್ಟಿತ್ತೆಂದು ಒಮ್ಮೆ ದಾಳಿಂಬೆ ಸಿಪ್ಪೆ ಕುದಿಸಿದ್ದೆ. ಆ ಕಷಾಯ ಅತ್ತೆಯ ಬಿಳಿ ಸೀರೆಯ ಮೇಲೆ ಚೆಲ್ಲಿತು. ಎಷ್ಟು ಒಗೆದರೂ ಹಳದಿ ಹೋಗಲಿಲ್ಲ. ಅತ್ತೆ ಕಲೆಯನ್ನು ಬಿಸಿಲಿಗೆ ಹಿಡಿದು, "ಇದು ಚಂದ ಅದಲ್ಲ!" ಎಂದರು. ಅಲ್ಲಿಂದ ಶುರುವಾಯಿತು ನನ್ನ ಬಣ್ಣದ ಹುಚ್ಚು. ಬಟ್ಟೆಗೆ ಬಣ್ಣ ಕಟ್ಟಲು ಮಾರ್ಕೆಟ್ಟಿನಿಂದ ಉಳ್ಳಾಗಡ್ಡಿ ಸಿಪ್ಪೆ ಚೀಲಗಟ್ಟಲೆ ತರುತ್ತಿದ್ದೆ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಕಪ್ಪು ಮಾಡುತ್ತಿದ್ದೆ. ನಲ್ಲಿಗೆ ನೀರು ಬರುವುದೇ ಮೂರು ದಿನಕ್ಕೊಮ್ಮೆ. ಗಂಡ ರೇಗುತ್ತಿದ್ದರು: "ಕುಡಿಯಾಕ ನೀರಿಲ್ಲ, ನೀ ಅರಬಿ ನೆನಸಾಕತ್ತೀ!" ಅತ್ತೆ ಒಳಗಿನಿಂದಲೇ ಹೇಳುತ್ತಿದ್ದರು: "ಅಕಿ ಮಾಡ್ಲಿ ಬಿಡಪಾ. ನಾ ಒಂದ್ ಕೊಡ ಕಮ್ಮಿ ಜಳಕಾ ಮಾಡ್ತೀನಿ."

ಆ ವರ್ಷಗಳು ಚೆನ್ನಾಗಿದ್ದವು. ಬಣ್ಣ ನನ್ನದು, ಹೊಲಿಗೆ ಅವರದು. ಕೆಂಡದಂಥ ಬಿಸಿಲಿನಲ್ಲಿ ಮಹಡಿಯ ಮೇಲೆ ಹರವಿದ ಬಟ್ಟೆ, ಕೆಳಗಿಳಿದು ಚಹಾ ಇಡುವಷ್ಟರಲ್ಲಿ ಗರಿಗರಿಯಾಗಿರುತ್ತಿತ್ತು. ಅಡುಗೆ, ಡಬ್ಬಿ, ಮಗಳ ಜಡೆ ಎಲ್ಲ ಮುಗಿದ ಮೇಲೆ ಇಬ್ಬರೂ ಗೋಡೆಗೊರಗಿ ಕೂತರೆ ಸಂಜೆಯಾದದ್ದೇ ತಿಳಿಯುತ್ತಿರಲಿಲ್ಲ.

ಆಮೇಲೆ ಅತ್ತೆಗೆ ಮರೆವು ಹತ್ತಿತು. ಮೊದಲು ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದು, ಆಮೇಲೆ ಬಚ್ಚಲಿನ ದಾರಿ. ಒಂದು ಬೆಳಿಗ್ಗೆ ನನ್ನನ್ನೇ ನೋಡಿ, "ಯಾರ ಮಗಳವ್ವ ನೀ?" ಎಂದರು. ಕೈಗಳು ಮಾತ್ರ ಏನನ್ನೂ ಮರೆತಿರಲಿಲ್ಲ. ಸೂಜಿ, ಚಿಂದಿ ಕೊಟ್ಟರೆ ಸುಮ್ಮನೆ ಹೊಲಿಯುತ್ತ ಕೂರುತ್ತಿದ್ದರು.

ಅದೇ ಹೊತ್ತಿನಲ್ಲಿ ನಾನೊಂದು ಕೌದಿ ಹೊಲಿಯುತ್ತಿದ್ದೆ. ಬಣ್ಣವೂ ನನ್ನದೇ, ಹೊಲಿಗೆಯೂ ನನ್ನದೇ. ಕಪ್ಪು ಮತ್ತು ದಾಳಿಂಬೆ ಹಳದಿ. ಯಾರ ಬಾಣಂತನಕ್ಕೂ ಅಲ್ಲ, ಯಾರ ಮದುವೆಗೂ ಅಲ್ಲ, ನನಗಾಗಿ. ಅತ್ತೆಯನ್ನು ನೋಡಿಕೊಳ್ಳುವುದರ ನಡುವೆ ಸಿಕ್ಕ ಅರ್ಧರ್ಧ ಗಂಟೆಗಳನ್ನು ಕೂಡಿಸಿ ಎರಡು ಬೇಸಿಗೆ ಹೊಲಿದಿದ್ದೆ. ಒಂದು ಮಗ್ಗುಲು ಉಳಿದಿತ್ತು.

ಅವತ್ತು ಮಧ್ಯಾಹ್ನ ತರಕಾರಿ ತರಲು ಹೋಗಿದ್ದೆ. ದಾರದ ಡಬ್ಬಿಯಲ್ಲಿ ಬ್ಲೇಡು ಬಿಟ್ಟು ಹೋದದ್ದು ನನ್ನದೇ ತಪ್ಪು. ವಾಪಸು ಬಂದಾಗ ಅತ್ತೆ ನನ್ನ ಕೌದಿಯನ್ನು ಮಡಿಲಲ್ಲಿ ಹರವಿಕೊಂಡು ಕೂತಿದ್ದರು. ಸುತ್ತಲೂ ಕತ್ತರಿಸಿದ ದಾರ. ಅರ್ಧಕ್ಕರ್ಧ ಬಿಚ್ಚಿಹೋಗಿತ್ತು, ಕೆಲವು ಕಡೆ ಬಟ್ಟೆಯೇ ಸೀಳಿತ್ತು.

"ಏನ್ ಮಾಡಾಕತ್ತೀರಿ ಅತ್ತಿ?"

ಅವರು ನಗುತ್ತ ಹೇಳಿದರು: "ಮನಿಗಿ ಹೊಸ ಹುಡುಗಿ ಬಂದಾಳ. ಸೊಟ್ಟ ಹಾಕ್ಯಾಳ ನೋಡು. ಬಿಚ್ಚಿ ಕೊಟ್ರ ನಾಳಿ ಚಂದ ಹಾಕ್ತಾಳ."

ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ನಾನು ಅವರ ಕೈಗೆ ಹೊಡೆದೆ. ಒಂದಲ್ಲ, ಎರಡು ಏಟು. ಬ್ಲೇಡು ಜಾರಿ ಅವರ ತೋರುಬೆರಳಿಗೆ ಹತ್ತಿತು. ಅತ್ತೆ ಅಳಲಿಲ್ಲ. ರಕ್ತ ಸೋರುವ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು, ತಪ್ಪು ಮಾಡಿದ ಮಗುವಿನಂತೆ ನನ್ನ ಮುಖ ನೋಡಿದರು. ಶಾಲೆಯಿಂದ ಆಗಷ್ಟೇ ಬಂದ ಮಗಳು ಬಾಗಿಲಲ್ಲಿ ನಿಂತಿದ್ದಳು.

ಬೆರಳಿಗೆ ಬಟ್ಟೆ ಕಟ್ಟುವಾಗ ಗೊತ್ತಾಯಿತು, ಆ ಹೊಸ ಹುಡುಗಿ ನಾನೇ ಎಂದು. ಎಲ್ಲವನ್ನೂ ಮರೆತ ಆ ತಲೆಯಲ್ಲಿ ನಾನೊಬ್ಬಳು ಉಳಿದಿದ್ದೆ. ಅವರು ನನಗೆ ಕಲಿಸುತ್ತಿದ್ದರು.

ಸಂಜೆ ಗಂಡನಿಗೆ ಮುಚ್ಚಿಡದೆ ಹೇಳಿದೆ. "ಅವ್ವಗ ಹೊಡದಿ?" ಎಂದರು. ಎದ್ದು ಹೋಗಿ ತಂಗಿಗೆ ಫೋನು ಮಾಡಿದರು. ಮುಂದಿನ ಭಾನುವಾರ ಮಾನ್ವಿಯಿಂದ ನಾದಿನಿ ಬಂದು, "ಇಲ್ಲಿ ಬ್ಯಾಡಣ್ಣ, ನಾ ಕರಕೊಂಡ್ ಹೋಗ್ತೀನಿ," ಎಂದು ಅತ್ತೆಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋದಳು. ತಡೆಯಲು ನನಗೆ ಯಾವ ಬಾಯಿತ್ತು?

ನಾಲ್ಕು ಸಲ ಮಾನ್ವಿಗೆ ಹೋದೆ. ಅತ್ತೆಗೆ ನನ್ನ ಹೆಸರು ಗೊತ್ತಿರಲಿಲ್ಲ, ಮಗನ ಹೆಂಡತಿ ಎಂಬುದೂ ಗೊತ್ತಿರಲಿಲ್ಲ. ಆದರೆ ನನ್ನನ್ನು ಕಂಡೊಡನೆ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಳ್ಳುತ್ತಿದ್ದರು. ನಾಲ್ಕು ಸಲವೂ. ನಾದಿನಿ ಸೂಜಿ ದಾರ ಮುಂದಿಟ್ಟರೆ, "ಬ್ಯಾಡ ಬೇ, ಅಕಿ ಬಡೀತಾಳ," ಎಂದು ಮುಖ ತಿರುಗಿಸುತ್ತಿದ್ದರಂತೆ. ಇದನ್ನು ನಾದಿನಿ ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಒಳ್ಳೆಯದಿತ್ತು.

ಮತ್ತೆ ಅವರು ಸೂಜಿ ಮುಟ್ಟಲೇ ಇಲ್ಲ. ಕೈ ನಿಂತ ಮೇಲೆ ಊಟವೂ ನಿಂತಿತು. ಸುದ್ದಿ ಬಂದು ನಾವು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮೈ ತೊಳೆಯುವಾಗ ನಾದಿನಿ ನನ್ನನ್ನು ಕರೆಯಲಿಲ್ಲ. ನಾನೂ ಮುಂದೆ ಹೋಗಲಿಲ್ಲ.

ಈಗ ಉಳ್ಳಾಗಡ್ಡಿ ಸಿಪ್ಪೆ ಕಸದ ಗಾಡಿಗೆ ಹೋಗುತ್ತದೆ. ಒಮ್ಮೆ ಗಂಡ, ಹೇಳದೆ ಕೇಳದೆ, ಜ್ಯೂಸಿನ ಅಂಗಡಿಯಿಂದ ದಾಳಿಂಬೆ ಸಿಪ್ಪೆ ತಂದು ಅಡುಗೆಮನೆಯ ಮೂಲೆಯಲ್ಲಿಟ್ಟರು. ಅದು ಅಲ್ಲೇ ಬೂಷ್ಟು ಹಿಡಿಯಿತು. ಮತ್ತೆ ಹೊಲಿಯಲು ಕೂತದ್ದೂ ಉಂಟು. ನಾಲ್ಕು ಬೆರಳು ಹೋಗುವಷ್ಟರಲ್ಲಿ ಕೈ ನಿಲ್ಲುತ್ತದೆ. ಸಾಲು ನೆಟ್ಟಗಿದೆಯೋ ಸೊಟ್ಟಗಿದೆಯೋ, ನನಗೇ ತಿಳಿಯುವುದಿಲ್ಲ.

"ಯವ್ವಾ, ನನಗ ಕೌದಿ ಕಲಿಸು," ಎಂದು ಮಗಳು ಎರಡು ಸಲ ಕೇಳಿದಳು. ನೋಡೋಣ ಎಂದೆ. ಬೇಸಿಗೆ ರಜೆ ಬಂದು ಹೋಯಿತು. ಅವಳು ಮತ್ತೆ ಕೇಳಲಿಲ್ಲ.