ಅಳಿಸದೆ ಉಳಿದ ಫೋಲ್ಡರುಗಳು

ಸುರಪುರದ ಒಂದು ಸರ್ಕಾರಿ ಕಚೇರಿಯಲ್ಲಿ ದೇವಿಕಾ ಒಂಬತ್ತು ವರ್ಷದಿಂದ ಗುತ್ತಿಗೆ ಆಪರೇಟರ್. ಪಿಂಚಣಿ ಕೇಳಿ ಬಂದವರ ಕಾಗದಗಳನ್ನು ಸ್ಕ್ಯಾನ್ ಮಾಡಿ, ಜೋಡಿಸಿ, ಸಂಜೆ ಒಟ್ಟಿಗೆ ಮೇಲಕ್ಕೆ ಕಳಿಸುವ ಪ್ರೋಗ್ರಾಮು ಬರೆದವಳೂ ಅವಳೇ. ಯಾರೂ ಹೇಳಿರಲಿಲ್ಲ; ಸರದಿಯಲ್ಲಿ ನಿಂತ ಮುದುಕಿಯರನ್ನು ನೋಡಲಾಗದೆ ಮೊಬೈಲಿನಲ್ಲಿ ಪಾಠ ಕೇಳಿ ಕಲಿತಿದ್ದಳು. ನಾಲ್ಕೂ ಕಂಪ್ಯೂಟರುಗಳಲ್ಲಿ ಬೇರೇನೂ ಹಾಕಿಕೊಳ್ಳದೆ ನಡೆಯಲೆಂದು ಅದನ್ನು ಒಂದೇ ಫೈಲಾಗಿ ಕಟ್ಟಿದ್ದಳು. ತೆರೆದಾಗಲೆಲ್ಲ ಅದು ತನ್ನ ಸರಂಜಾಮನ್ನು ಒಂದು ಹೊಸ ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಮುಚ್ಚುವಾಗ ತಾನೇ ಅಳಿಸುತ್ತಿತ್ತು. ಸ್ಕ್ಯಾನಾದ ಹಾಳೆಗಳೂ ಸಂಜೆಯ ತನಕ ಅಲ್ಲೇ.

ಈ ಬೇಸಿಗೆಯಲ್ಲಿ ಕಂಪ್ಯೂಟರುಗಳು ಜಾಗ ಸಾಲದೆ ನಿಂತೇಬಿಟ್ಟವು. ಹುಡುಕಿದರೆ ಎರಡು ವರ್ಷದಿಂದ ಅಳಿಯದೆ ಉಳಿದ ನೂರಾರು ತಾತ್ಕಾಲಿಕ ಫೋಲ್ಡರುಗಳು. ಕರೆಂಟು ಹೋದಾಗಲೆಲ್ಲ ಪ್ರೋಗ್ರಾಮು ನಡುವೆಯೇ ನಿಂತು, ಅಳಿಸುವ ಕೆಲಸ ಆಗಿರಲೇ ಇಲ್ಲ. ಒಂದನ್ನು ತೆರೆದಳು. ಕೊಡೇಕಲ್ಲಿನ ಹನುಮಮ್ಮನ ಆಧಾರ್, ಗಂಡನ ಮರಣಪತ್ರ, ಹೆಬ್ಬೆಟ್ಟು. ಕರೆಂಟು ಬಂದ ಮೇಲೆ ಪಟ್ಟಿ ಖಾಲಿ ಕಂಡರೆ ಎಲ್ಲ ಮೇಲಕ್ಕೆ ಹೋಗಿದೆ ಎಂದೇ ಕಚೇರಿಯವರೆಲ್ಲ ತಿಳಿದಿದ್ದರು. ಆಮೇಲೆ ವಿಚಾರಿಸಲು ಬಂದ ಹನುಮಮ್ಮನಿಗೆ "ನಿಮ್ಮ ಅರ್ಜಿನೇ ಬಂದಿಲ್ಲ" ಎಂದು ಮೂರು ಸಲ ಹೇಳಿ ಕಳಿಸಿದವಳು ಅವಳೇ.

ಎಣಿಸಿದಳು. ಅರವತ್ತೆರಡು ಜನ. ಹಿರಿಯ ಗುಮಾಸ್ತ ಬಸವಂತ್ರಾಯರ ಬಳಿ ಹೋದಳು.

"ಸರ್, ಅರವತ್ತೆರಡು ಮಂದಿ ಕಾಗದ ನಮ್ಮಲ್ಲೇ ಸಿಕ್ಕಾವ್ರಿ. ಹಳೇ ತಾರೀಖಿನ ಸಮೇತ ಕಳಿಸಿದ್ರ ಅವ್ರಿಗೆ ಹಿಂದಿನ ರೊಕ್ಕನೂ ಸಿಗ್ತದ್ರಿ."

"ಕಳಿಸಿದ್ರ ಮ್ಯಾಲಿನವ್ರು ಕೇಳ್ತಾರ, ಎರಡು ವರ್ಷ ಏನ್ ಮಾಡಿದ್ರಿ ಅಂತ. ಜವಾಬ್ ಯಾರು ಕೊಡಾವ್ರು? ಕಸ ಅದು. ತೆಗಿ."

"ಕಸ ಅಲ್ರಿ ಸರ್."

"ಹಂಗಿದ್ರ ತಪ್ಪು ನಂದೇ ಅಂತ ಬರದು ಕೊಡು. ನಿನ್ನ ಕಾಂಟ್ರ್ಯಾಕ್ಟ್ ಮುಂದುವರ್ಸೋ ಫೈಲು ಇಲ್ಲೇ ಅದ, ಅದಕ್ಕ ಜೋಡಿಸಿ ಕಳಸ್ತೀನಿ."

ದೇವಿಕಾ ಬರೆದುಕೊಡಲಿಲ್ಲ. ತಿರುಗಿ ಬಂದು ಕೂತು, ಸ್ಕ್ಯಾನಾದ ಹಾಳೆಗಳು ಇನ್ನು ಮುಂದೆ ಬೇರೆ ಕಡೆ ಉಳಿಯುವಂತೆ, ತೆರೆದ ಕೂಡಲೇ ಹಳೆಯ ಫೋಲ್ಡರುಗಳು ಅಳಿಯುವಂತೆ ಪ್ರೋಗ್ರಾಮು ತಿದ್ದಿದಳು. ಆ ಅರವತ್ತೆರಡು ಜನರ ಹೆಸರು, ಫೋನ್ ನಂಬರುಗಳನ್ನಷ್ಟೇ ಒಂದು ಹಾಳೆಗೆ ಇಳಿಸಿಕೊಂಡು ಗುಂಡಿ ಒತ್ತಿದಳು. ಹನ್ನೊಂದು ನಿಮಿಷದಲ್ಲಿ ಎಲ್ಲ ಅಳಿಸಿಹೋಯಿತು. ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಯಿತು.

ಆಮೇಲೆ ಊಟದ ಬಿಡುವಿನಲ್ಲಿ ಕಚೇರಿಯ ಹಿಂದೆ ನಿಂತು, ಒಬ್ಬೊಬ್ಬರಿಗೇ ಫೋನು ಮಾಡಿ ಹೊಸದಾಗಿ ಅರ್ಜಿ ಹಾಕಲು ಹೇಳತೊಡಗಿದಳು. ಯಂಕಣ್ಣನೆಂಬವನ ನಂಬರಿಗೆ ಅವನ ಸೊಸೆ ಸಿಕ್ಕಳು.

"ಮಾವ ಯುಗಾದಿಗೇ ತೀರ್ಕೊಂಡಾನ್ರಿ. ಕಾಗದ ಎಲ್ಲಿ ಕಳೀತೋ ಅಂತ ಕಡೀತನಕ ನನ್ನೇ ಬೈದ. ಈಗ್ಯಾಕ ಕೇಳಾಕತ್ತೀರಿ?"

"ಸುಮ್ನ್ರಿ," ಎಂದು ದೇವಿಕಾ ಫೋನಿಟ್ಟು, ಆ ಹೆಸರಿನ ಮೇಲೆ ಗೆರೆ ಎಳೆದಳು.