ಹೊಸ ಬ್ರೇಕಿನ ವಾಸನೆ

ನಾನು ಪುಕ್ಕಲ. ಪಾಂಡವಪುರದ ನಮ್ಮ ಶಾಲೆಯಲ್ಲಿ ಇದನ್ನು ಯಾರೂ ನಂಬುವುದಿಲ್ಲ. ಅಲ್ಲಿ ನಾನು ಹೆಡ್‌ಮಾಸ್ಟರು, ನನ್ನ ಕೆಮ್ಮು ಕೇಳಿದರೆ ಸಾಕು ವರಾಂಡ ಖಾಲಿಯಾಗುತ್ತದೆ. ಆದರೆ ಕಾರಿನ ಸ್ಟಿಯರಿಂಗ್ ಹಿಡಿದ ಕೂಡಲೇ ನನ್ನ ಅಂಗೈ ಬೆವರುತ್ತದೆ. ಐವತ್ತರ ಹತ್ತಿರ ಬಂದಮೇಲೆ ಓಡಿಸಲು ಕಲಿತವನು ನಾನು. ಎದುರಿಗೆ ಲಾರಿ ಬಂದರೆ ಉಸಿರು ಹಿಡಿದುಕೊಳ್ಳುತ್ತೇನೆ, ಅದು ದಾಟಿದ ಮೇಲೆ ಬಿಡುತ್ತೇನೆ.

ಅಂಥವನ ಕಾರಿನಲ್ಲಿ ಅಕ್ಕನನ್ನು ಊರಿಗೆ ಕರೆದುಕೊಂಡು ಹೋಗಬೇಕಾಗಿ ಬಂತು. ಶ್ರೀರಂಗಪಟ್ಟಣದ ನಮ್ಮ ಮನೆಗೆ ನಾಲ್ಕು ದಿನಕ್ಕೆಂದು ಬಂದವಳು ಬಚ್ಚಲಲ್ಲಿ ಜಾರಿ ಬಲಗಾಲು ಮುರಿದುಕೊಂಡಿದ್ದಳು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್. ಅಮ್ಮ ಸತ್ತಾಗ ನನಗೆ ಮೂರು ವರ್ಷ. ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಮೂರು ವಾರ ನಮ್ಮ ಮಂಚದಲ್ಲಿ ಮಲಗಿ, ನನ್ನ ಹೆಂಡತಿಯ ಸಾರಿಗೆ ಉಪ್ಪು ಸಾಲದು ಎಂದು ದಿನಾ ಹೇಳಿ, ಕೊನೆಗೆ ಸಿಂಧಘಟ್ಟಕ್ಕೆ ಬಿಟ್ಟು ಬಾ ಎಂದು ಹಟ ಹಿಡಿದಳು. ಹುರುಳಿ ಕಿತ್ತು ಒಟ್ಟಿದ್ದಾರೆ, ಒಕ್ಕಣೆ ಆಗಿಲ್ಲ ಎಂಬುದು ಅವಳ ಚಿಂತೆ. ಆಳು ಸಿಗುತ್ತಿಲ್ಲವೆಂದು ಭಾವ ಫೋನಿನಲ್ಲಿ ಗೋಳಾಡಿದಾಗ ಉಪಾಯ ಹೇಳಿಕೊಟ್ಟವನು ನಾನೇ. ಊರ ಮುಂದಿನ ಟಾರು ರಸ್ತೆಗೆ ಹರಡಿಬಿಡಿ, ಬಸ್ಸು, ಕಾರು ತುಳಿದು ಸಂಜೆಯೊಳಗೆ ಕಾಳು ಬಿಡಿಸಿಕೊಡುತ್ತವೆ ಎಂದೆ. ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವುದೇ ಅದು. ರಸ್ತೆಯನ್ನು ಕಣ ಮಾಡಿಕೊಳ್ಳಬಾರದೆಂದು ಶಾಲೆಯ ಮಕ್ಕಳಿಗೆ ಭಾಷಣ ಮಾಡುವವನೂ ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅಕ್ಕನನ್ನು ಕೂರಿಸಿಕೊಳ್ಳುವ ಭಯಕ್ಕೆ ಹಿಂದಿನ ದಿನವೇ ಕಾರನ್ನು ಗ್ಯಾರೇಜಿಗೆ ಒಯ್ದೆ. ಅಲ್ಲಿನ ಮೆಕ್ಯಾನಿಕ್ಕು ಗಡ್ಡಕ್ಕೆ ಮೆಹಂದಿ ಹಚ್ಚಿದ ಹಿರಿಯರು, ನನ್ನ ಹೆದರಿಕೆ ಬಲ್ಲವರು. ಮುಂದಿನ ಎರಡು ಗಾಲಿಗೂ ಹೊಸ ಬ್ರೇಕ್ ಪ್ಯಾಡು ಹಾಕಿ ಅವರು ಹೇಳಿದ ಮಾತನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ. "ಹೊಸ ಪ್ಯಾಡು ಸಾರ್, ಒಗ್ಗೋಗಂಟ ಒಸಿ ಸುಟ್ಟ ವಾಸ್ನೆ ಬತ್ತದೆ. ಫಿಕರ್ ಮಾಡ್ಬೇಡಿ."

ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಬಲಬಾಗಿಲಿಗೆ ದಿಂಬು ಒರಗಿಸಿ ಅಕ್ಕನನ್ನು ಕೂರಿಸಿ, ಪ್ಲಾಸ್ಟರಿನ ಕಾಲನ್ನು ಸೀಟಿನ ಉದ್ದಕ್ಕೂ ಚಾಚಿಸಿದ್ದೆ. ತಾನಾಗಿ ಇಳಿಯುವುದಿರಲಿ, ಹೊರಳುವುದೂ ಅವಳಿಂದ ಆಗುತ್ತಿರಲಿಲ್ಲ. ಪಾಂಡವಪುರ ಬರುವ ಮೊದಲೇ ಮೂಗಿಗೆ ವಾಸನೆ ಹೊಡೆಯಿತು. ರಬ್ಬರೂ ಕಬ್ಬಿಣವೂ ಒಟ್ಟಿಗೆ ಸುಟ್ಟಂಥ ಘಾಟು. ಎದೆ ಧಸಕ್ಕೆಂದರೂ ಬಾಯಿಪಾಠ ನೆನಪಿಗೆ ಬಂತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಹೊಸ ಬ್ರೇಕಿನದೂ ಅದೇ ಕತೆ ಎಂದು ಅಕ್ಕನಿಗೆ ಹೇಳಿ ನಕ್ಕೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಘಾಟು ತಾನಾಗಿ ಇಳಿಯಿತು.

ಪಾಂಡವಪುರ ದಾಟಿದ ಮೇಲೆ ರಸ್ತೆಯ ತುಂಬ ಹುರುಳಿ. ಮೊಣಕಾಲೆತ್ತರಕ್ಕೆ ಬಳ್ಳಿ ಹರಡಿ, ಯಾರೂ ಪಕ್ಕಕ್ಕೆ ತಪ್ಪಿಸಿಕೊಂಡು ಹೋಗದಂತೆ ಅಂಚಿಗೆ ಕಲ್ಲು ಇಟ್ಟಿದ್ದರು. ಕಾರಿನ ಹೊಟ್ಟೆಗೆ ಬಳ್ಳಿ ಪರಪರ ಉಜ್ಜುತ್ತಿತ್ತು. ಅಂಥ ಮೂರು ಕಡೆ ದಾಟಿದೆ. ಪ್ರತಿ ಸಲವೂ ಬೈದುಕೊಂಡೆ. ನನ್ನ ಭಾವನೂ ಆ ಹೊತ್ತಿಗೆ ಇದನ್ನೇ ಮಾಡುತ್ತಿದ್ದಾರೆಂಬುದು ತಲೆಗೆ ಬರಲಿಲ್ಲ.

ಚಿನಕುರಳಿ ಹತ್ತಿರ ಬಂದಾಗ ವಾಸನೆ ಮತ್ತೆ ಶುರುವಾಯಿತು. ನಾನು ಬಾಯಿಪಾಠ ಒಪ್ಪಿಸುವ ಮೊದಲೇ ಅಕ್ಕ ಹಿಂದಿನಿಂದ ಹೇಳಿದಳು.

"ಲೇ, ಇದು ಬ್ರೇಕಲ್ಲ ಕಣ್ಲಾ. ಉರುಳಿ ಉರ್ದಂಗೆ ವಾಸ್ನೆ ಬತ್ತಾದೆ."

ಅಡುಗೆಮನೆ ನಿನಗಿರಲಿ, ಕಾರು ನನಗಿರಲಿ ಎಂದು ಗದರಿದೆ. ಗದರಿದ್ದು ಭಯಕ್ಕೆ. ಆದರೂ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿ, ಇಳಿದು ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ಅವರು ಎಂಥ ವಾಸನೆ ಎಂದು ಕೇಳಿದರು. ನಾಲ್ಕು ಗಾಲಿಯ ಹತ್ತಿರವೂ ಮೂಗಿಟ್ಟು ಮೂಸಿ, ಬಗ್ಗಿ ಕಾರಿನ ಅಡಿ ನೋಡಿ ಹೇಳಿ ಎಂದರು.

ಅಂಗಡಿಯ ಬೆಂಚಿನಲ್ಲಿ ನಾಲ್ಕೈದು ಜನ ಕೂತಿದ್ದರು. ಅವರಲ್ಲೊಬ್ಬ ನಮ್ಮ ಹತ್ತನೇ ಕ್ಲಾಸಿನ ಹುಡುಗಿಯ ತಂದೆ. ನನ್ನನ್ನು ಕಂಡು ಎದ್ದು ಕೈಮುಗಿದ. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದೆ. ಅವನೆದುರು ಹೆಡ್‌ಮಾಸ್ಟರು ಮಂಡಿಯೂರಿ ನಾಯಿಯ ಹಾಗೆ ಗಾಲಿ ಮೂಸುವುದೇ? ಪರೀಕ್ಷಾ ಕೊಠಡಿಯಲ್ಲಿ ಓಡಾಡುವವನಂತೆ ಕಾರನ್ನು ಒಂದು ಸುತ್ತು ಹಾಕಿದೆ. ಬಗ್ಗಲಿಲ್ಲ.

"ನೋಡಿದೆ, ಏನಿಲ್ಲ" ಎಂದೆ ಫೋನಿನಲ್ಲಿ.

ಹಾಗಾದರೆ ಪ್ಯಾಡಿನದೇ ಇರಬೇಕು, ನಿಧಾನಕ್ಕೆ ಹೋಗಿ ಎಂದರು ಅವರು. ಪಾಪ, ನನ್ನ ಮಾತು ನಂಬಿದರು.

ಒಂದೆರಡು ಕಿಲೋಮೀಟರು ಹೋಗಿರಬಹುದು. ಪಕ್ಕದ ಕನ್ನಡಿಯಲ್ಲಿ ನೋಡಿದರೆ ಕಾರಿನ ಎಡ ಗಾಲಿಯ ಕಡೆಯಿಂದ ತೆಳ್ಳಗೆ ಹೊಗೆಯಂಥದ್ದೇನೋ ಏಳುತ್ತಿತ್ತು. ಕಲ್ಲು ಕ್ವಾರಿಯ ಧೂಳು ಎಂದುಕೊಂಡೆ, ಹಾಗೆಂದುಕೊಳ್ಳಲು ಇಷ್ಟವಿತ್ತು. ಆಗ ಹಿಂದಿನಿಂದ ಒಂದು ಬೈಕು ನುಗ್ಗಿ ಬಂದು ಪಕ್ಕದಲ್ಲೇ ಓಡಿತು. ಅದರ ಮೇಲೆ ತಲೆಯೆಲ್ಲ ಕಲ್ಲುಪುಡಿ ಮೆತ್ತಿದ ಇಬ್ಬರು ಕ್ವಾರಿ ಕೆಲಸಗಾರರು. ಹಿಂದೆ ಕೂತವನು ಕಿಟಕಿಗೆ ಬಡಿದ.

"ಸಾ, ನಿಲ್ಸಿ. ಅಡೀಲಿ ಬೆಂಕಿ ಅತ್ಕಂಡದೆ."

ಬ್ರೇಕು ಒತ್ತಿದೆ. ಹೊಸ ಬ್ರೇಕು ಗಪ್ಪೆಂದು ಹಿಡಿಯಿತು. ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಬಾಗಿಲು ತೆಗೆದು ಓಡಿದೆ. ಒಬ್ಬನೇ ಓಡಿದೆ. ಹತ್ತು ಹೆಜ್ಜೆ ಹೋದ ಮೇಲೆ ಅಕ್ಕ ಒಳಗಿದ್ದಾಳೆಂಬುದು ನೆನಪಾಗಿ ಕಾಲು ನಿಂತುಹೋಯಿತು. ತಿರುಗಿ ನೋಡಿದರೆ ಅವಳು ಕತ್ತು ಹೊರಳಿಸಿ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಒಳಗಿನ ಹಿಡಿಯನ್ನು ಎಳೆಯುತ್ತಿದ್ದಳು. ಮೊಮ್ಮಗುವಿನ ಸಲುವಾಗಿ ನಾನೇ ಹಾಕಿಟ್ಟಿದ್ದ ಲಾಕು, ಒಳಗಿನಿಂದ ಬಾಗಿಲು ತೆರೆಯುವುದಿಲ್ಲ.

ನಾನು ಮುಟ್ಟುವಷ್ಟರಲ್ಲಿ ಕ್ವಾರಿಯವನು ಹೊರಗಿನಿಂದ ಬಾಗಿಲು ತೆಗೆದಿದ್ದ. ಅಕ್ಕ ಹಿಮ್ಮುಖವಾಗಿ ಅವನ ತೋಳಿಗೆ ಬಿದ್ದಳು. ನಾನು ಒಳಗೆ ಬಾಗಿ ಪ್ಲಾಸ್ಟರಿನ ಕಾಲು ಹಿಡಿದುಕೊಂಡೆ, ಹಿಡಿತ ತಪ್ಪಿತು, ಹಿಮ್ಮಡಿ ನೆಲಕ್ಕೆ ಬಡಿಯಿತು. ಆಗ ಅವಳು ನರಳಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಇಬ್ಬರೂ ಸೇರಿ ಅವಳನ್ನು ಹೊತ್ತು ದೂರದ ಹೊಂಗೆ ಮರದಡಿ ಕೂರಿಸಿದೆವು. ಅಷ್ಟರಲ್ಲಿ ಬೈಕಿನ ಇನ್ನೊಬ್ಬ, ತಾವು ಕುಡಿಯಲು ತಂದಿದ್ದ ನೀರಿನ ಕ್ಯಾನನ್ನು ಪೂರ್ತಿ ಸುರಿದು, ಬೊಗಸೆ ಬೊಗಸೆ ಮಣ್ಣು ಎರಚಿ, ಕೋಲಿನಿಂದ ಗಾಲಿಯ ಹಿಂದಿನಿಂದ ಏನನ್ನೋ ಎಳೆದು ಹಾಕುತ್ತಿದ್ದ. ತೋಳು ದಪ್ಪದ ಹುರುಳಿ ಬಳ್ಳಿಯ ಹುರಿ. ಗಾಲಿ ತಿರುಗಿಸುವ ಆ್ಯಕ್ಸಲಿಗೆ ಸುತ್ತಿಕೊಂಡು, ಕಾವಿಗೆ ಒಣಗಿ ಹೊತ್ತಿಕೊಂಡಿತ್ತು. ಕಪ್ಪಾದ ಕಾಯಿಗಳ ನಡುವೆ ಹುರಿದ ಕಾಳುಗಳು ಬಿದ್ದಿದ್ದವು. ಬ್ರೇಕಿಗೆ ಏನೂ ಆಗಿರಲಿಲ್ಲ.

ನಾನು ಅಕ್ಕನ ಪಕ್ಕ ಕುಸಿದೆ. ಓಡಿಹೋದದ್ದಕ್ಕೆ ಬೈಯುತ್ತಾಳೆಂದು ಕಾದೆ. ಅವಳು ಆ ಬಳ್ಳಿಯನ್ನೇ ನೋಡುತ್ತಿದ್ದಳು.

"ನಮ್ಮುರುಳಿನೂ ರೋಡಲ್ಲೇ ಆಕವ್ರಲ್ಲೋ" ಎಂದಳು.

ಭಾವನಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಕಾರನ್ನು ಅಲ್ಲೇ ಬಿಟ್ಟೆ, ಕ್ವಾರಿಯವರು ಆಟೋ ಕರೆಸಿಕೊಟ್ಟರು. ಕೆ.ಆರ್.ಪೇಟೆ ಮುಟ್ಟುವವರೆಗೂ, ಅಲ್ಲಿಂದ ಸಿಂಧಘಟ್ಟದವರೆಗೂ ಫೋನು ಮಾಡುತ್ತಲೇ ಇದ್ದೆ. ಊರ ಮುಂದೆ ನಮ್ಮ ಹುರುಳಿ ರಸ್ತೆಯುದ್ದಕ್ಕೂ ಹಾಸಿತ್ತು, ಅಂಚಿಗೆ ಸಾಲಾಗಿ ಕಲ್ಲು. ಭಾವ ಕೋಲು ಹಿಡಿದು ನಗುತ್ತ ನಿಂತಿದ್ದರು. ಆಗಲೇ ಒಂದು ಬಿಳಿ ಕಾರು ಅದರ ಮೇಲೆ ಹರಿದು ನಾಗಮಂಗಲದ ಕಡೆ ಹೊರಟಿತ್ತು. ಹಿಂದಿನ ಗಾಜಿನಲ್ಲಿ ಎರಡು ಮಕ್ಕಳ ಮುಖ. ಕಾರಿನ ಅಡಿಯಿಂದ ಒಂದೆಳೆ ಬಳ್ಳಿ ನೆಲಕ್ಕೆ ಎಳೆದಾಡುತ್ತಿತ್ತು.

ಆಟೋದಿಂದ ಹಾರಿ ಅದರ ಹಿಂದೆ ಓಡಿದೆ. ನಿಲ್ಲಿಸಿ ಎಂದು ಎರಡೂ ಕೈ ಬೀಸಿದೆ. ಮಕ್ಕಳು ನನಗೆ ಟಾಟಾ ಮಾಡಿದವು. ಉಸಿರು ಕಟ್ಟುವವರೆಗೆ ಓಡಿದೆ, ಕಾರು ತಿರುವಿನಲ್ಲಿ ಮರೆಯಾಯಿತು. ಮರಳಿ ಬಂದು ಭಾವನ ಕೈಯಿಂದ ಕೋಲು ಕಿತ್ತುಕೊಂಡು, ಅಷ್ಟೂ ಹುರುಳಿಯನ್ನು ಮಂಡಿಯೂರಿ ರಸ್ತೆಯಿಂದ ಬದಿಗೆ ಎಳೆದೆ. ಊರವರೆಲ್ಲ ನಿಂತು ನೋಡಿದರು.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಪೇಪರು ತರಿಸಿ, ಆ ಬಿಳಿ ಕಾರಿನ ಸುದ್ದಿಯೇನಾದರೂ ಇದೆಯೇ ಎಂದು ನಾಗಮಂಗಲದ ಪುಟವನ್ನು ಬೆರಳಿಟ್ಟು ಓದಿದೆ. ಏನಾದ್ರೂ ಬಂದದಾ ಎಂದು ಅಕ್ಕ ಮಂಚದಿಂದಲೇ ಕೇಳಿದಳು. ಪುಟ ಮಡಿಸಿದೆ.

"ನೋಡಿದೆ, ಏನಿಲ್ಲ" ಎಂದೆ.

ಹೇಳಿದ ಮೇಲೆ, ಟೀ ಅಂಗಡಿಯ ಮುಂದೆ ಹೇಳಿದ್ದ ಅದೇ ಮಾತು ನನ್ನ ಕಿವಿಗೇ ಬಿತ್ತು. ಅಕ್ಕನ ಮುಖ ನೋಡಲಾಗದೆ ಪುಟವನ್ನು ಮತ್ತೆ ಬಿಡಿಸಿ ಮೊದಲ ಸಾಲಿನಿಂದ ಹುಡುಕತೊಡಗಿದೆ.