ನಲವತ್ತೊಂದರಲ್ಲಿ ನಾಲಿಗೆ ಚಾಚಿದ ಕಥೆ

ಕಳೆದ ವಾರ ನಮ್ಮ ಮನೆಯಲ್ಲಿ ಓದು, ಬರಹ ಎರಡೂ ಬಂದ್. (ಅಂಕಣ ತಡವಾದದ್ದಕ್ಕೆ ಸಂಪಾದಕರಿಗೆ ಇದೇ ಕಾರಣ ಹೇಳಿದೆ. ಅವರು ನಂಬಲಿಲ್ಲ. ನೀವಾದರೂ ನಂಬಿ.)

ತಿರುವನಂತಪುರದ ನವರಾತ್ರಿಯೇ ಹಾಗೆ. ಅಷ್ಟಮಿಯ ಸಂಜೆ ಪುಸ್ತಕಗಳನ್ನು ಸರಸ್ವತಿಯ ಮುಂದೆ ಇಟ್ಟರೆ ಮುಗಿಯಿತು. ವಿಜಯದಶಮಿಯ ಬೆಳಿಗ್ಗೆ ಎತ್ತುವವರೆಗೆ ಯಾರೂ ಒಂದಕ್ಷರ ಓದುವಂತಿಲ್ಲ, ಬರೆಯುವಂತಿಲ್ಲ. ನಮ್ಮ ಮೈಸೂರಿನಲ್ಲೂ ಪುಸ್ತಕಕ್ಕೆ ಪೂಜೆ ಇದೆ. ಆದರೆ ನಾವು ಹಳೆಯದೊಂದು ಪುಸ್ತಕಕ್ಕೆ ಕುಂಕುಮ ಹಚ್ಚಿ, ಅದರ ಪಕ್ಕದಲ್ಲೇ ಕೂತು ಪೇಪರ್ ಓದುವ ಜನ. ಪಕ್ಕದ ಮನೆಯ ಲೀಲಾ ಟೀಚರ್ ಮುಂದೆ ಆ ಆಟ ನಡೆಯುವುದಿಲ್ಲ. ಅವರು ನಿವೃತ್ತ ಹೆಡ್‌ಮಿಸ್ಟ್ರೆಸ್. ರಿಟೈರ್ ಆದದ್ದು ಶಾಲೆಯಿಂದ, ಟೀಚರ್‌ಗಿರಿಯಿಂದಲ್ಲ. ಇಡೀ ಬೀದಿ ಅವರನ್ನು ಟೀಚರ್ ಎಂದೇ ಕರೆಯುತ್ತದೆ, ಹೆದರುತ್ತದೆ ಕೂಡ. ಅವರ ಕಾನೂನಿನಲ್ಲಿ ಹಾಲಿನ ಪ್ಯಾಕೆಟ್ ಮೇಲಿನ ತಾರೀಖು ನೋಡುವುದೂ ಓದಿನ ಲೆಕ್ಕವೇ.

ಬೀದಿಯ ಪುಸ್ತಕಗಳೆಲ್ಲ ಅವರ ಪೂಜಾಕೋಣೆ ಸೇರಿದವು. ಒಂಬತ್ತನೇ ಕ್ಲಾಸಿನ ನನ್ನ ಮಗ ಪ್ರಣವ್ ಗಣಿತ, ಕೆಮಿಸ್ಟ್ರಿ ಎರಡನ್ನೂ ಎದೆಗವಚಿಕೊಂಡು ಹೋಗಿ ಇಟ್ಟು, ಕೈ ಮುಗಿದು ಬಂದ. ಅಂಥ ಭಕ್ತಿ ಅವನಲ್ಲಿ ಪರೀಕ್ಷೆಯ ದಿನವೂ ಕಂಡಿರಲಿಲ್ಲ.

ನಾನು ಏನಿಟ್ಟೆ? ಡಿಗ್ರಿ ಕೋರ್ಸುಗಳ ಒಂದು ಪ್ರಾಸ್ಪೆಕ್ಟಸ್. ಮಗನಿಗಲ್ಲ, ಸ್ವಾಮಿ. ನನಗೆ.

ಕಾಯಂ ಓದುಗರಿಗೆ ಗೊತ್ತು, ನಾನು ಬಿಎಸ್ಸಿ ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟವಳು. ಗಂಡು ಬಾಹ್ಯಾಕಾಶ ವಿಜ್ಞಾನಿ, ಕೇಂದ್ರ ಸರ್ಕಾರದ ಕೆಲಸ, ಊರು ತಿರುವನಂತಪುರ. ಮದುವೆಯಾದ ಮೇಲೂ ಓದಬಹುದು ಅಂದರು. ಓದಬಹುದಿತ್ತು. ಯಾರೂ ಬೇಡ ಅನ್ನಲಿಲ್ಲ. ಯಾರೂ ಬೇಡ ಅನ್ನದೆಯೇ ನಮ್ಮ ಎಷ್ಟು ಕೆಲಸಗಳು ನಿಂತು ಹೋಗುತ್ತವೆ ನೋಡಿ!

ಹಾಗಾದರೆ ಈಗ, ನಲವತ್ತೊಂದರಲ್ಲಿ, ಈ ಹುಚ್ಚು ಯಾಕೆ ಹಿಡಿಯಿತು?

ಓಣಂನಿಂದ.

ನಮ್ಮ ಬೀದಿಯ ರೆಸಿಡೆಂಟ್ಸ್ ಅಸೋಸಿಯೇಷನ್‌ನವರು ಪ್ರತಿ ವರ್ಷ ಓಣಂ ಆಚರಿಸುತ್ತಾರೆ. ಪೂಕಳಂ ಎಂಬ ಹೂವಿನ ರಂಗೋಲಿ, ಹಗ್ಗ ಜಗ್ಗಾಟ, ಮಕ್ಕಳ ಹಾಡು, ಕೊನೆಗೆ ಮಿಮಿಕ್ರಿ. ಮಿಮಿಕ್ರಿ ಇಲ್ಲದ ಸಮಾರಂಭ ಕೇರಳದಲ್ಲಿ ಉಂಟೇ? ಈ ಸಲ ಪ್ರಣವ್ ಹೆಸರು ಕೊಟ್ಟಿದ್ದ. ನಾನು ಮುಂದಿನ ಸಾಲಿನಲ್ಲಿ, ರೇಷ್ಮೆ ಸೀರೆಯಲ್ಲಿ.

ಮೊದಲು ರೈಲ್ವೆ ಅನೌನ್ಸ್‌ಮೆಂಟ್ ಮಾಡಿದ. ಚಪ್ಪಾಳೆ. ಆಮೇಲೆ ಒಬ್ಬ ಹೆಂಗಸು ಬಾಳೆಹಣ್ಣಿನ ಅಂಗಡಿಯವನ ಜೊತೆ ಚೌಕಾಸಿ ಮಾಡುವುದು. ಸೊಂಟದ ಮೇಲೆ ಕೈ. ಮಲಯಾಳಂನಲ್ಲಿ ಶುರು, ಸಿಟ್ಟು ಬಂದಾಗ ಕನ್ನಡ, ಸೋತಾಗ ಇಂಗ್ಲಿಷ್. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಕಣ್ಣೊರೆಸಿಕೊಳ್ಳುತ್ತ ಲೀಲಾ ಟೀಚರ್ ಕಡೆ ತಿರುಗಿ, "ಪಾಪ, ಯಾರು ಟೀಚರ್ ಈ ಹೆಂಗಸು?" ಅಂತ ಕೇಳಿದೆ.

ಟೀಚರ್ ನನ್ನ ಮುಖ ನೋಡಿದರು. ಆಮೇಲೆ ತಮ್ಮ ಸೀರೆಯ ಅಂಚು ನೋಡಿಕೊಂಡರು.

ಆಗ ಗೊತ್ತಾಯಿತು.

ಅವಮಾನವಾಯಿತು. ಸುಳ್ಳು ಯಾಕೆ ಹೇಳಲಿ, ತುಂಬ ಅವಮಾನವಾಯಿತು. ಮನೆಗೆ ಬಂದು ಸಿಟ್ಟಿನಲ್ಲಿ ಪಾತ್ರೆ ತೊಳೆದೆ. (ಸಿಟ್ಟಿನಲ್ಲಿ ತೊಳೆದ ಪಾತ್ರೆ ಬಹಳ ಚೊಕ್ಕವಾಗುತ್ತದೆ, ಪ್ರಯತ್ನಿಸಿ ನೋಡಿ.) ಪ್ರಣವ್ ಹಾಲ್‌ನಲ್ಲಿ ಫೋನ್ ಹಿಡಿದು ಗೆಳೆಯನಿಗೆ ಮಲಯಾಳಂನಲ್ಲಿ ಏನೋ ಉದ್ದಕ್ಕೆ ಹೇಳುತ್ತಿದ್ದ. ನನಗೆ ತಿಳಿದದ್ದು ಕೊನೆಯ ಒಂದೇ ಮಾತು. "ಅಮ್ಮಯ್ಕ್ ಮನಸ್ಸಿಲಾವಿಲ್ಲ."

ಅಂದರೆ, ಅಮ್ಮನಿಗೆ ಅರ್ಥವಾಗುವುದಿಲ್ಲ. ನನಗೆ ಚೆನ್ನಾಗಿ ಅರ್ಥವಾಗುವ ಒಂದೇ ಒಂದು ಮಲಯಾಳಂ ವಾಕ್ಯ ಇದ್ದರೆ ಅದು ಇದೇ. ದಿನಾ ಕೇಳುತ್ತೇನಲ್ಲ!

ಇಪ್ಪತ್ತೊಂದು ವರ್ಷದಿಂದ ಇಲ್ಲಿದ್ದೇನೆ. ಕ್ವಾರ್ಟರ್ಸ್‌ನಲ್ಲಿದ್ದಷ್ಟು ದಿನ ಇಂಗ್ಲಿಷ್, ಹಿಂದಿಯಲ್ಲೇ ಸುಧಾರಿಸಿದೆ. ಪೇಟೆಗೆ ಬೇಕಾದಷ್ಟು ಮಲಯಾಳಂ ಬಾಯಿಗೆ ಬಂತು, ಅಕ್ಷರ ಕಣ್ಣಿಗೆ ಹತ್ತಲಿಲ್ಲ. ಮಗ ಇಲ್ಲೇ ಹುಟ್ಟಿದ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವನು ಮಲಯಾಳಂನಲ್ಲಿ ಉತ್ತರ ಕೊಡುತ್ತಾನೆ. ಮೂಡ್ ಚೆನ್ನಾಗಿದ್ದರೆ ಇಂಗ್ಲಿಷಿನಲ್ಲಿ.

ಆ ರಾತ್ರಿ ಊಟಕ್ಕೆ ಕೂತಾಗ ಘೋಷಿಸಿದೆ. "ನಾನು ಮತ್ತೆ ಓದ್ತೀನಿ. ಡಿಗ್ರಿ ಮಾಡ್ತೀನಿ."

ಮಗ ಹಪ್ಪಳ ಮುರಿಯುವುದನ್ನು ನಿಲ್ಲಿಸಿದ. ಗಂಡ ಮಾತ್ರ ಸಾರು ಬಡಿಸಿಕೊಳ್ಳುತ್ತಲೇ, "ಯಾವುದು?" ಅಂದರು.

ಅದೇ ಗೊತ್ತಿರಲಿಲ್ಲ. ಮಗ ಅಣಕಿಸಲಾಗದಂಥದ್ದು ಏನಾದರೂ ಬೇಕಿತ್ತು, ಅಷ್ಟೇ. ದೂರಶಿಕ್ಷಣ, ಭಾನುವಾರ ಕ್ಲಾಸು, ಪಿಯುಸಿ ಪಾಸಾಗಿದ್ದರೆ ಸಾಕು ಎಂಬಲ್ಲಿಗೆ ಹೋಗಿ ವಿಚಾರಿಸಿಕೊಂಡು ಬಂದೆ. ಒಂದೇ ಪ್ರಾಸ್ಪೆಕ್ಟಸ್‌ನಲ್ಲಿ ಮದುವೆ ಮನೆಯ ಎಲೆಯ ಹಾಗೆ ಎಲ್ಲ ಬಗೆಯೂ ಇದ್ದವು. ಬಡಿಸುವವರಿಗೂ ಬರವಿರಲಿಲ್ಲ.

"ಸೈಕಾಲಜಿ ತಗೋ" ಅಂದರು ಗಂಡ. "ನಮ್ಮ ಬಾಸ್ ತಲೇಲಿ ಏನಿದೆ ಅಂತ ನೀನಾದ್ರೂ ಓದಿ ಹೇಳು. ರಾಕೆಟ್ ಎಲ್ಲಿಗೆ ಹೋಗುತ್ತೆ ಅಂತ ಹೇಳ್ಬಹುದು ಕಣೇ, ಆ ಮನುಷ್ಯ ಎಲ್ಲಿಗೆ ಹೋಗ್ತಾನೆ ಅಂತ ಹೇಳಕ್ಕಾಗಲ್ಲ."

ತಂಗಿ ಶುಭಾ ಕೊಚ್ಚಿಯಲ್ಲಿದ್ದಾಳೆ. ಕಾಕ್ಕನಾಡಿನ ಐಟಿ ಪಾರ್ಕ್‌ನಲ್ಲಿ ಕೆಲಸ, ತ್ರಿಪ್ಪುಣಿತ್ತುರದಲ್ಲಿ ಬಾಡಿಗೆ ಮನೆ. ಫೋನಿನಲ್ಲಿ ಹೇಳಿದರೆ ತೃಪ್ತಿಯಾಗದೆ ಒಂದು ಶನಿವಾರ ರೈಲು ಹತ್ತಿದೆ. ಅವಳದು ಒಂದೇ ಹಟ. "ಅಕ್ಕಾ, ಬಿಸಿಎ ಮಾಡು. ಈಗ ಕಂಪ್ಯೂಟರ್ ಬಿಟ್ರೆ ಬೇರೆ ಏನಿದೆ? ನಮ್ ಟೀಮಲ್ಲೇ ನಿಂಗೆ ಟೆಸ್ಟಿಂಗ್ ಕೆಲಸ ಕೊಡಿಸ್ತೀನಿ. ತಪ್ಪು ಹುಡುಕೋದು ತಾನೇ? ನಿಂಗೆ ಟ್ರೇನಿಂಗೂ ಬೇಡ."

ಗಂಡನ ಮನೆಯಲ್ಲಿ ಗಳಿಸಿದ ಅನುಭವವನ್ನು ತಂಗಿ ಇಷ್ಟು ಚೆನ್ನಾಗಿ ಗುರುತಿಸಿದ್ದಾಳೆಂದು ಗೊತ್ತಿರಲಿಲ್ಲ.

ಅವಳ ಜೊತೆ ಮನೆ ಹಂಚಿಕೊಂಡಿರುವ ನಫೀಸಾ ಕಾಸರಗೋಡಿನವಳು. ಒಳ್ಳೆಯ ಇಂಜಿನಿಯರ್, ಇನ್ನೂ ಒಳ್ಳೆಯ ಅಡುಗೆಯವಳು. ಶುಭಾ ಸ್ನಾನಕ್ಕೆ ಹೋದದ್ದೇ ತಡ, ನನ್ನ ಪಕ್ಕ ಬಂದು ಕೂತಳು.

"ನಿಮಗೆ ಎಂತಕ್ಕೆ ಅಕ್ಕಾ ಈ ಕೋಡಿಂಗಿನ ರಗಳೆ? ನಾವು ಸಿಕ್ಕಿ ಹಾಕಿಕೊಂಡದ್ದು ಸಾಲದಾ? ಹಿಸ್ಟ್ರಿ ಓದಿ. ಎಷ್ಟು ಚಂದ ಉಂಟು ಗೊತ್ತುಂಟಾ!"

"ನೀನು ಓದಿದ್ದೀಯಾ?"

"ಉಪ್ಪ ಬಿಡ್ಬೇಕಲ್ಲ!" (ಉಪ್ಪ ಅಂದರೆ ಅವಳ ಅಪ್ಪ.) "ರ‍್ಯಾಂಕ್ ಬಂತು, ಇಂಜಿನಿಯರಿಂಗಿಗೆ ಹಾಕಿದ್ರು. ನನಗೆ ಹಿಸ್ಟ್ರಿಯೇ ಬೇಕಿತ್ತು. ಈಗಲೂ ಆಫೀಸಲ್ಲಿ ಕೋಟೆಗಳ ಫೋಟೋ ನೋಡ್ತಾ ಇರ್ತೇನೆ. ಮ್ಯಾನೇಜರ್ ಬಂದ್ರೆ ವಿಂಡೋ ಕ್ಲೋಸ್."

ಮರಳುವ ರೈಲಿನಲ್ಲಿ ನನಗೆ ಜ್ಞಾನೋದಯವಾಯಿತು. ಯಾವ ಡಿಗ್ರಿ ಮಾಡಲಿ ಅಂತ ಜನರನ್ನು ಕೇಳಿ ನೋಡಿ. ಅವರು ನಿಮ್ಮ ಬಗ್ಗೆ ಒಂದು ಮಾತೂ ಆಡುವುದಿಲ್ಲ. ತಮಗೆ ಸಿಗದೆ ಹೋದದ್ದನ್ನು, ಇಲ್ಲವೇ ತಮಗೆ ಬೇಕಾದದ್ದನ್ನು ನಿಮ್ಮ ತಲೆಗೆ ಕಟ್ಟುತ್ತಾರೆ. ನಫೀಸಾಳಿಗೆ ಕೋಟೆ ಬೇಕು, ನಮ್ಮವರಿಗೆ ಬಾಸಿನ ತಲೆ ಬೇಕು, ತಂಗಿಗೆ ಅಕ್ಕ ಹತ್ತಿರ ಬೇಕು. (ಇದು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಅಕ್ಕಂದಿರಿಗೆ ಗೊತ್ತಾಗುತ್ತದೆ.) ಲೀಲಾ ಟೀಚರ್ ಅಂತೂ, "ಏನು ಬೇಕಾದರೂ ಓದು ಮೋಳೇ, ಆದರೆ ಕೊನೆಗೆ ಬಿ.ಎಡ್. ಮಾಡು" ಅಂದುಬಿಟ್ಟರು. (ಮೋಳೇ ಅಂದರೆ ಮಗಳೇ.) ಈ ಊರಿನಲ್ಲಿ ಬಿ.ಎಡ್. ಮಾಡದ ಹೆಂಗಸು ಎಂದರೆ ಒಗ್ಗರಣೆ ಹಾಕದ ಸಾರು.

ನನಗೆ ಏನು ಬೇಕು? ಅದನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರವೂ ಇರಲಿಲ್ಲ, ಆ ಮಾತು ಬೇರೆ.

ಹೀಗೆ ಎಳೆದಾಡುತ್ತ ನವರಾತ್ರಿ ಬಂತು. ಅರ್ಜಿಗೆ ವಿಜಯದಶಮಿಯ ಮರುದಿನವೇ ಕೊನೆ. ಟೀಚರ್ ಪರಿಹಾರ ಸೂಚಿಸಿದರು. ಪ್ರಾಸ್ಪೆಕ್ಟಸ್ ಪೂಜೆಗಿಡು, ದಶಮಿಯ ದಿನ ಎತ್ತು, ಆ ಹೊತ್ತಿಗೆ ಏನು ತೋಚುತ್ತದೋ ಅದು ದೇವಿಯ ಇಷ್ಟ. ಹಾಗೇ ಇಟ್ಟೆ. ಆ ಎರಡು ದಿನ ಎಂಥ ನೆಮ್ಮದಿ! ನಮ್ಮವರು ಪೇಪರ್ ಇಲ್ಲದೆ ಕಂಗಾಲಾಗಿ ಮನೆಯವರ ಮುಖ ನೋಡತೊಡಗಿದರು. ನಾನು ಹೊಸ ಕನ್ನಡಕ ಹಾಕಿದ್ದು ಅವರಿಗೆ ಆಗ ಗೊತ್ತಾಯಿತು. ಕನ್ನಡಕಕ್ಕೆ ನಾಲ್ಕು ತಿಂಗಳು.

ವಿಜಯದಶಮಿಯ ಬೆಳಿಗ್ಗೆ ಇಲ್ಲಿ ಪುಟ್ಟ ಮಕ್ಕಳಿಗೆ ವಿದ್ಯಾರಂಭ, ಅಂದರೆ ನಮ್ಮ ಅಕ್ಷರಾಭ್ಯಾಸ. ದೇವಸ್ಥಾನದಲ್ಲೂ ನಡೆಯುತ್ತದೆ, ಗ್ರಂಥಾಲಯದಲ್ಲೂ ನಡೆಯುತ್ತದೆ. ನಮ್ಮ ಬೀದಿಯ ಗ್ರಂಥಾಲಯದಲ್ಲಿ ಟೀಚರ್ ಮೊಮ್ಮಗಳು ಅಮ್ಮುವಿನ ಸರದಿ ಇತ್ತು. ನಾವು ಮೂವರೂ ಹೋದೆವು. ಚಾಪೆಯ ಮೇಲೆ ಒಬ್ಬರು ಹಿರಿಯ ಮೇಷ್ಟರು, ಮುಂದೆ ತಟ್ಟೆಯಲ್ಲಿ ಅಕ್ಕಿ. ಮಗುವಿನ ನಾಲಿಗೆಯ ಮೇಲೆ ಚಿನ್ನದ ಉಂಗುರದಿಂದ ಬರೆದು, ಆಮೇಲೆ ಅದರ ಬೆರಳು ಹಿಡಿದು ಅಕ್ಕಿಯಲ್ಲಿ ಮಲಯಾಳಂ ಅಕ್ಷರಗಳಲ್ಲಿ "ಹರಿಶ್ರೀ" ಬರೆಸುತ್ತಾರೆ.

ಅಮ್ಮು ಉಂಗುರ ನೋಡಿದ್ದೇ ಚಾವಣಿ ಹಾರಿ ಹೋಗುವ ಹಾಗೆ ಕಿರುಚಿದಳು. ಅವಳನ್ನು ನೋಡಿ ಸಾಲಿನಲ್ಲಿದ್ದ ಮಕ್ಕಳೆಲ್ಲ ಶುರು. ಟೀಚರ್ ಸುತ್ತ ನೋಡಿದರು. ಬಲಿಪಶು ಸಿಕ್ಕಿತು.

"ಮೋಳೇ, ನೀನು ಕೂತುಕೋ. ನೋವಾಗಲ್ಲ ಅಂತ ಮಗು ನೋಡಲಿ."

ಟೀಚರ್ ಹೇಳಿದ ಮೇಲೆ ಇಲ್ಲ ಅನ್ನುವುದುಂಟೇ? ಕೂತೆ. ಮೇಷ್ಟರು ತಲೆಯನ್ನೂ ಎತ್ತಲಿಲ್ಲ. ಬೆಳಿಗ್ಗೆಯಿಂದ ಎಷ್ಟು ನಾಲಿಗೆ ನೋಡಿದ್ದರೋ, ಇದೂ ಒಂದು ಎಂಬಂತೆ ಉಂಗುರ ಎತ್ತಿದರು. ನಾನು ನಾಲಿಗೆ ಚಾಚಿದೆ.

ಹಿಂದಿನಿಂದ ನಮ್ಮವರ ಧ್ವನಿ ಬಂತು. "ಏನೂ ಬರೀದೇನೇ ಇಷ್ಟು ದಿನ ಹಾಗೆ ಓಡ್ತಿತ್ತು. ಇನ್ನು ದೇವರೇ ಗತಿ."

ಅಮ್ಮು ಅಳು ನಿಲ್ಲಿಸಿದಳು. ಇಷ್ಟು ದೊಡ್ಡ ಹೆಂಗಸು ನಾಲಿಗೆ ಹೊರಗೆ ಹಾಕಿ ಕೂತದ್ದು ನೋಡಿ ಕಿಲಕಿಲ ನಕ್ಕಳು. ಕೆಲಸ ಆಯಿತೆಂದು ನಾನು ಏಳಲು ಹೋದರೆ ಮೇಷ್ಟರು ಬಿಡಲಿಲ್ಲ. ಬೆರಳು ಹಿಡಿದು "ಹರಿ" ಬರೆಸಿದರು. ಅಷ್ಟರಲ್ಲಿ ಯಾರೋ ಅವರನ್ನು ಮಾತಾಡಿಸಿದರು. "ಶ್ರೀ" ಹತ್ತಿರ ನಾನೊಬ್ಬಳೇ ಉಳಿದೆ. ಅಂದಾಜಿನ ಮೇಲೆ ಒಂದು ಗೆರೆ ಎಳೆದೆ. ಆ ಕಡೆಗೋ ಈ ಕಡೆಗೋ ಸುತ್ತಬೇಕಾದ್ದು, ಗೊತ್ತಾಗಲಿಲ್ಲ. ಬೆರಳು ನಿಂತಿತು.

ಮಗ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಇನ್ನೊಂದು ಮಿಮಿಕ್ರಿಗೆ ಸರಕು ಸಿಕ್ಕಿತು ಅಂದುಕೊಂಡೆ. ಅವನು ನಗಲಿಲ್ಲ. ನನ್ನ ಬೆರಳು ಹಿಡಿದು, "ಇಂಗನೆ, ಅಮ್ಮಾ" ಅಂತ ಮೆಲ್ಲಗೆ ಸುತ್ತಿಸಿದ. ಹೀಗೆ, ಅಮ್ಮಾ.

ಅವನ ಬೆರಳನ್ನು ನಾನು ಹಿಡಿದು ಕನ್ನಡದ ಅ ತಿದ್ದಿಸಿದ್ದು ನೆನಪಾಯಿತು. ಕಣ್ಣು ತುಂಬಿ ಬಂತು. ಅಕ್ಕಿ ಮಸುಕಾಯಿತು. ಇವನು ಆಡುವ ಮಾತು, ಬೈಯುವ ಬೈಗುಳ, ನಗುವ ನಗು, ಯಾವುದೂ ನನ್ನಿಂದ ತಪ್ಪಿ ಹೋಗಬಾರದು ಅನ್ನಿಸಿತು. ನನಗೆ ಏನು ಬೇಕು ಎಂಬುದು ಕೊನೆಗೂ ನನಗೆ ತಿಳಿಯಿತು.

ಪೂಜೆಯ ಪುಸ್ತಕ ಎತ್ತಲು ಟೀಚರ್ ಮನೆಗೆ ಹೋದೆವು. ಪ್ರಾಸ್ಪೆಕ್ಟಸ್ ಕೈಗೆ ಕೊಟ್ಟು, "ಏನು ತೋಚಿತು?" ಅಂದರು.

"ಬಿ.ಎ. ಮಲಯಾಳಂ."

"ನೀನಾ? ಕನ್ನಡ ಪೇಪರಿನ ಅಂಕಣಗಾರ್ತಿ?" ಅಂದರು ನಮ್ಮವರು. ಕೋರ್ಸಿಗೆ ಸೇರಲು ಪಿಯುಸಿ ಸಾಕು, ಭಾಷೆ ಬರುತ್ತದೆಯೇ ಅಂತ ಎಲ್ಲೂ ಕೇಳಿಲ್ಲ ಎಂದು ತೋರಿಸಿದೆ. ಟೀಚರ್ ಖುಷಿಗೆ ಮೇರೆಯೇ ಇರಲಿಲ್ಲ. ನಿಂತ ನಿಲುವಿನಲ್ಲೇ ಟೈಮ್ ಟೇಬಲ್ ಹಾಕಿದರು. ದಿನಾ ಸಂಜೆ ಪಾಠ, ನಮ್ಮ ಮನೆಯ ಹಾಲ್‌ನಲ್ಲೇ. ಪ್ರಣವ್ ಫೋನಿನಲ್ಲಿ ಮಾತಾಡುವ ಹೊತ್ತಿಗೆ ಸರಿಯಾಗಿ.

ಪ್ರಣವ್ ಮುಖ ನೋಡಬೇಕಿತ್ತು. ಗೆಳೆಯರ ಜೊತೆ ಟ್ಯೂಷನ್ ತಪ್ಪಿಸುವ ಪ್ಲಾನು, ಟೆಸ್ಟಿನ ಮಾರ್ಕ್ಸು, ಇನ್ನೂ ಏನೇನೋ, ಎಲ್ಲವನ್ನೂ ಇಷ್ಟು ವರ್ಷ ನನ್ನ ಕಿವಿಯ ಬುಡದಲ್ಲೇ ರಾಜಾರೋಷವಾಗಿ ಮಾತಾಡಿಕೊಂಡಿದ್ದವನು! ಹೊರಗೆ ಬಂದವನೇ ಗೇಟಿನ ಹತ್ತಿರ ನನ್ನ ಸೆರಗು ಹಿಡಿದುಕೊಂಡ.

"ಅಮ್ಮಾ, ಬೇಡಮ್ಮಾ. ದಮ್ಮಯ್ಯ ಅಂತೀನಿ. ಬಿಸಿಎ ಮಾಡು, ನಾನೇ ಹೇಳ್ಕೊಡ್ತೀನಿ. ಅಪ್ಪ ಹೇಳಿದ್ದು ಮಾಡು. ಮಿಮಿಕ್ರಿ ಇನ್ಮೇಲೆ ಮಾಡಲ್ಲ, ದೇವ್ರಾಣೆ. ಮಲಯಾಳಂ ಒಂದು ಬೇಡ ಕಣಮ್ಮಾ!"

ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಇಷ್ಟುದ್ದದ ಕನ್ನಡ! ಅದೂ "ದಮ್ಮಯ್ಯ" ಸಮೇತ! ಎಲ್ಲಿ ಬಚ್ಚಿಟ್ಟಿದ್ದ ಇಷ್ಟು ದಿನ?

ಮರುದಿನ ಹೋಗಿ ಅರ್ಜಿ ಹಾಕಿ ಬಂದೆ. ಅಂದಿನಿಂದ ಮಗ ದಿನಾ ನನ್ನ ಹಿಂದೆ ಮುಂದೆ ಸುತ್ತುತ್ತ, ಅರ್ಜಿ ವಾಪಸ್ ತೆಗೆದುಕೋ ಅಂತ ಅಚ್ಚ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದಾನೆ. ಸೊಂಟದ ಮೇಲೆ ಕೈ ಇಟ್ಟುಕೊಂಡು, ಥೇಟ್ ನನ್ನ ಹಾಗೆಯೇ.

ಮಗನ ಬಾಯಲ್ಲಿ ಕನ್ನಡ ಬರಬೇಕಾದರೆ ಅಮ್ಮ ಬಿ.ಎ. ಮಲಯಾಳಂ ಓದಬೇಕು ಅಂತ ಯಾವ ಪ್ರಾಸ್ಪೆಕ್ಟಸ್‌ನಲ್ಲಾದರೂ ಬರೆದಿದೆಯೇ?